ಒಣಗಿದ ಮರದ ಶಿಲ್ಪಿ

ನಮ್ಮ ಹೊಸಬಾಳೆಯ ಕಡೆ ಮಳೆಗಾಲವೆಂದರೆ ಮನೆಯೊಳಗಿನ ಆಟಗಳ ಕಾಲ. ಆಷಾಢದ ಮಳೆ ಹಿಡಿದು ಕುಳಿತು, ತೋಟಕ್ಕೂ ಗದ್ದೆಗೂ ಹೋಗುವುದು ಅಸಾಧ್ಯವಾದ ದಿನಗಳಲ್ಲಿ ಅಟ್ಟದ ಮೇಲಿನ ಚನ್ನೆಮಣೆ ಜಗಲಿಗೆ ಇಳಿಯುತ್ತಿತ್ತು. ಎರಡು ಸಾಲಿನಲ್ಲಿ ಹದಿನಾಲ್ಕು ಕುಳಿ ತೋಡಿದ ಒಂದು ಮರದ ಹಲಗೆ, ಒಂದು ಹಿಡಿ ಹುಣಸೆಬೀಜ. ಇಷ್ಟೇ ಅದರ ಸಾಮಗ್ರಿ. ಇಷ್ಟರಿಂದಲೇ ನನ್ನ ಅಜ್ಜಿಯೂ ಸೋದರತ್ತೆಯೂ ಹೊತ್ತು ಹೋದದ್ದು ತಿಳಿಯದಂತೆ ಹಗಲುಗಳನ್ನು ಕಳೆಯುತ್ತಿದ್ದರು. ಆಟದ ಹಿರಿಮೆ ಅದರ ಸಾಮಗ್ರಿಯ ಬೆಲೆಯಲ್ಲಿಲ್ಲವೆಂಬುದನ್ನು ನಾನು ಆ ಜಗಲಿಯಲ್ಲಿಯೇ ಕಲಿಯಬೇಕಾಗಿತ್ತು. ಕಲಿಯಲಿಲ್ಲ. ಅದನ್ನು ನನಗೆ ಕಲಿಸಿದವನು ಕಡಲಾಚೆಯ ಕ್ಯೋಟೋ ನಗರದ ಒಬ್ಬ ಯಂತ್ರಶಿಲ್ಪಿ. ಅದೂ ಆತ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

1990ರ ದಶಕದ ನಡುವಿನ ಮಾತು. ನಾನು ಆಗ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟರು. ಬೇಸಿಗೆಯ ರಜೆ ಮುಗಿದು ಜೂನಿನಲ್ಲಿ ಶಾಲೆ ತೆರೆದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಿಕಾರಿಪುರದ ಜಾತ್ರೆಯಲ್ಲಿ ಕೊಂಡ ಒಂದು ಆಟದ ಸಾಮಾನನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ. ಮೇಲೊಂದು ಬೂದುಬಣ್ಣದ ಪುಟ್ಟ ಪರದೆ. ಕೆಳಗೆ ನಾಲ್ಕಾರು ಗುಂಡಿಗಳು. ಪರದೆಯ ಮೇಲಿನಿಂದ ಇಟ್ಟಿಗೆಗಳಂಥ ಆಕಾರಗಳು ಒಂದೊಂದಾಗಿ ಇಳಿಯುತ್ತವೆ. ಗುಂಡಿಯೊತ್ತಿ ಅವುಗಳನ್ನು ತಿರುಗಿಸಿ ಸಂದಿಲ್ಲದಂತೆ ಜೋಡಿಸಬೇಕು. ಊರಿನ ಹುಡುಗರೆಲ್ಲ ಅದನ್ನು ವಿಡಿಯೋ ಗೇಮ್ ಎನ್ನುತ್ತಿದ್ದರು. ಪಾಠದ ನಡುವೆ ಅದರ ಕಿರುದನಿ ಕೇಳಿತು. ನಾನು ಅದನ್ನು ಕಸಿದು ಬೀರುವಿನಲ್ಲಿಟ್ಟೆ. ಹುಡುಗನ ತಂದೆ ಅಡಿಕೆ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದವರು. ಒಂದು ದಿನ ಕೊನೆಗಾರಿಕೆ ಮುಗಿಸಿ ಬಂದು ಕೈಮುಗಿದು ಬೇಡಿದರು. ವರ್ಷಾಂತ್ಯದ ಪರೀಕ್ಷೆ ಮುಗಿಯಲಿ, ಕೊಡೋಣ ಎಂದು ಕಳುಹಿಸಿಬಿಟ್ಟೆ. ಮಾತಿನಂತೆ ಮಾರ್ಚ್ ತಿಂಗಳಲ್ಲಿ ಹಿಂತಿರುಗಿಸಿದೆನಾದರೂ, ಅಷ್ಟರಲ್ಲಿ ಒಳಗಿನ ಸೆಲ್ಲುಗಳು ಒಸರಿ ತಗಡನ್ನೆಲ್ಲ ತಿಂದುಹಾಕಿದ್ದವು. ಪೆಟ್ಟಿಗೆ ಸತ್ತುಹೋಗಿತ್ತು. ಹುಡುಗ ಅದನ್ನು ತಿರುವಿ ನೋಡಿ, ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಹೊರಟುಹೋದ. ಶಿಸ್ತು ಕಾಪಾಡಿದೆನೆಂಬ ಸಮಾಧಾನ ನನಗೆ ಆಗ ಇತ್ತು.

ಆಮೇಲೆ ಬಹುಕಾಲ ಕಳೆಯಿತು. ನಿವೃತ್ತನಾದ ಮೇಲೆ ಒಮ್ಮೆ ಬೆಂಗಳೂರಿನಿಂದ ಬಂದ ನನ್ನ ತಮ್ಮನ ಮಗ ಹಳೆಯದೊಂದು ಪೆಟ್ಟಿಗೆಯನ್ನು ನನ್ನ ಕೈಗಿತ್ತ. ಗೇಮ್ ಬಾಯ್ ಎಂದು ಅದರ ಹೆಸರು. ಜಾತ್ರೆಯ ಆ ಸಾಮಾನಿಗೆ ಇದು ದೊಡ್ಡಪ್ಪನೆಂಬುದು ನೋಡಿದೊಡನೆಯೇ ತಿಳಿಯುವಂತಿತ್ತು. ಅಂದು ನಮ್ಮೂರಿನಲ್ಲಿ ಕರೆಂಟು ಇರಲಿಲ್ಲ. ಜಗಲಿಯ ಬೆಳಕಿನಲ್ಲಿ ಕುಳಿತು, ಎಪ್ಪತ್ತರ ಸಮೀಪದ ನಾನು ಸಂಜೆಯವರೆಗೂ ಇಟ್ಟಿಗೆ ಜೋಡಿಸಿದೆ. ಇದನ್ನು ಮಾಡಿದವನು ಯಾರೆಂದು ಕೇಳುವ ಮನಸ್ಸಾಯಿತು. ಹಾಗೆ ಕೇಳುತ್ತ ಹೋಗಿ ತಿಳಿದುಕೊಂಡ ಒಂದು ಬಾಳಿನ ಕಥೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಗುನ್‌ಪೇ ಯೊಕೊಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಹಳೆಯ ರಾಜಧಾನಿ ಕ್ಯೋಟೋದಲ್ಲಿ. ಅದೇ ಊರಿನ ದೋಶಿಶಾ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದನು. ಓದಿನಲ್ಲಿ ಮುಂದಿನ ಸಾಲಿನವನಲ್ಲ. ದೊಡ್ಡ ದೊಡ್ಡ ವಿದ್ಯುತ್ ಸಲಕರಣೆಗಳ ಕಂಪನಿಗಳ ಬಾಗಿಲು ತಟ್ಟಿದರೂ ಅವು ತೆರೆಯಲಿಲ್ಲ. ಕೊನೆಗೆ 1965ರಲ್ಲಿ ಮನೆಗೆ ಹತ್ತಿರವೆಂಬ ಕಾರಣದಿಂದ ಇಸ್ಪೀಟು ಮಾಡುವ ಒಂದು ಕಾರ್ಖಾನೆಗೆ ಸೇರಿದನು. ಆ ಕಾರ್ಖಾನೆಯ ಹೆಸರು ನಿಂಟೆಂಡೊ.

ಈ ನಿಂಟೆಂಡೊ 1889ರಲ್ಲಿ ಫುಸಾಜಿರೋ ಯಮೌಚಿ ಎಂಬಾತನು ಸ್ಥಾಪಿಸಿದ ಸಂಸ್ಥೆ. ಹನಫುದ ಎಂಬ ಜಪಾನೀ ಎಲೆಯಾಟದ ಕಟ್ಟುಗಳನ್ನು ಅದು ತಯಾರಿಸುತ್ತಿತ್ತು. ಹನ ಎಂದರೆ ಹೂವು. ವರ್ಷದ ಹನ್ನೆರಡು ತಿಂಗಳಿಗೆ ತಲಾ ನಾಲ್ಕರಂತೆ ನಲವತ್ತೆಂಟು ಎಲೆಗಳು. ಒಂದೊಂದು ತಿಂಗಳಿಗೂ ಅದರದೇ ಒಂದು ಹೂವೋ ಗಿಡವೋ ಉಂಟು. ನಮ್ಮ ಮೈಸೂರಿನ ಗಂಜೀಫದ ಎಲೆಗಳನ್ನು ಕಂಡವರಿಗೆ ಇದು ಅಪರಿಚಿತ ಲೋಕವೆನಿಸದು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಎಲೆಯಾಟಗಳನ್ನು ಕಲ್ಪಿಸಿ ಅವುಗಳ ಲಕ್ಷಣವನ್ನು ಬರೆಯಿಸಿದ ರಸಿಕರು. ಅಂಗೈಯಲ್ಲಿ ಹಿಡಿಯುವ ಆಟ ನಮಗೂ ಅವರಿಗೂ ಹಳೆಯದೇ. ಅದಕ್ಕೆ ವಿದ್ಯುತ್ತಿನ ಜೀವ ಬಂದದ್ದು ಮಾತ್ರ ಹೊಸದು.

ಎಲೆ ಅಚ್ಚುಹಾಕುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿಗೆ ಒಪ್ಪಿಸಿದ್ದ ಕೆಲಸ. ಯಂತ್ರಗಳು ಚೆನ್ನಾಗಿಯೇ ನಡೆಯುತ್ತಿದ್ದುದರಿಂದ ಅವನಿಗೆ ಬಿಡುವು ಬಹಳ. ಆ ಬಿಡುವಿನಲ್ಲಿ ಕಾರ್ಖಾನೆಯ ಲೇತಿನ ಮೇಲೆ ತನಗೆ ತೋಚಿದ ಆಟಿಕೆಗಳನ್ನು ಮಾಡಿಕೊಂಡು ಕಾಲ ಕಳೆಯುತ್ತಿದ್ದನು. ಅಂಗಡಿಗಳ ಮುಂದಿನ ಮಡಚುವ ಕಬ್ಬಿಣದ ಬಾಗಿಲನ್ನು ಓದುಗರು ಕಂಡಿದ್ದಾರೆ. ಅಡ್ಡಡ್ಡ ಪಟ್ಟಿಗಳು ಒಂದನ್ನೊಂದು ದಾಟಿ, ಎಳೆದರೆ ಹಿಗ್ಗುತ್ತವೆ, ಒತ್ತಿದರೆ ಕುಗ್ಗುತ್ತವೆ. ಅದೇ ಉಪಾಯದಿಂದ ಯೊಕೊಯಿ ಉದ್ದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯಬಲ್ಲ ಒಂದು ಕೈಯನ್ನು ಮಾಡಿದ್ದನು. ಕಾರ್ಖಾನೆಯನ್ನು ನೋಡಲು ಬಂದ ಸಂಸ್ಥೆಯ ಅಧ್ಯಕ್ಷ ಹಿರೋಶಿ ಯಮೌಚಿಯ ಕಣ್ಣಿಗೆ ಅದು ಬಿತ್ತು. ಕೆಲಸದ ಹೊತ್ತಿನಲ್ಲಿ ಆಟಿಕೆ ಮಾಡುತ್ತಿದ್ದ ನೌಕರನನ್ನು ಆ ಅಧ್ಯಕ್ಷನು ಗದರಲಿಲ್ಲ. ಅದನ್ನು ಮಾರಾಟಕ್ಕೆ ಸಿದ್ಧಪಡಿಸೆಂದು ಆಜ್ಞಾಪಿಸಿದನು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಿಂದ ಹೊರಬಂದ ಆ ಕೈ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಈ ಸನ್ನಿವೇಶವನ್ನು ಓದಿದಾಗ ನನ್ನ ಬೀರುವಿನ ನೆನಪು ಬಂದು ನನಗೆ ಮುಜುಗರವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಲ್ಲಿಂದ ಮುಂದೆ ಯೊಕೊಯಿ ಆಟಿಕೆಗಳ ಶಿಲ್ಪಿಯಾದನು. ಮನೆಯೊಳಗೇ ಚೆಂಡೆಸೆಯುವ ಯಂತ್ರ ಬಂದಿತು. 1969ರಲ್ಲಿ ಲವ್ ಟೆಸ್ಟರ್ ಎಂಬುದು ಬಂದಿತು: ಇಬ್ಬರು ಒಬ್ಬರ ಕೈಯನ್ನೊಬ್ಬರು ಹಿಡಿದು, ಉಳಿದ ಕೈಗಳಲ್ಲಿ ಒಂದೊಂದು ಲೋಹದ ಗುಂಡನ್ನು ಹಿಡಿದರೆ, ಅವರ ಮೈಯಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತನ್ನು ಅಳೆದು ಮುಳ್ಳೊಂದು ಅವರ ಪ್ರೀತಿಯ ಪ್ರಮಾಣವನ್ನು ತೋರಿಸುವುದು! ಪ್ರೀತಿಯನ್ನು ಅಳೆಯುವ ಮಾತು ಹಾಗಿರಲಿ. ತರುಣ ತರುಣಿಯರು ಕೈ ಹಿಡಿಯುವುದಕ್ಕೆ ಅದೊಂದು ನೆಪವಾಯಿತು, ಅದೇ ಅದರ ಗುಟ್ಟು. 1970ರ ಸುಮಾರಿಗೆ ಬಂದ ಬೆಳಕಿನ ಬಂದೂಕಿನಲ್ಲಿ ಗುರಿಹಲಗೆಯೊಳಗೆ ಸೂರ್ಯಕೋಶವನ್ನಿಟ್ಟು, ಬಂದೂಕಿನಿಂದ ಹೊಮ್ಮಿದ ಬೆಳಕು ಅದರ ಮೇಲೆ ಬಿದ್ದರೆ ಗುರಿ ತಾಕಿತೆಂದು ತಿಳಿಯುವಂತೆ ಮಾಡಿದ್ದನು. ಈ ಎಲ್ಲದರಲ್ಲಿಯೂ ಒಂದು ಸಾಮಾನ್ಯ ಲಕ್ಷಣವಿದೆ. ವಿದ್ಯುತ್ತನ್ನು ಅಳೆಯುವ ಮುಳ್ಳು ಪ್ರಯೋಗಶಾಲೆಯ ಹಳೆಯ ಸಾಮಾನು. ಸೂರ್ಯಕೋಶ ಇನ್ನಾವುದೋ ಕೆಲಸಕ್ಕೆ ಹುಟ್ಟಿದ್ದು. ಯೊಕೊಯಿ ಹೊಸ ತತ್ತ್ವವನ್ನು ಕಂಡುಹಿಡಿಯಲಿಲ್ಲ. ಎಲ್ಲರೂ ಬಲ್ಲ ವಸ್ತುವನ್ನು ಯಾರೂ ನೋಡದ ಕಡೆಗೆ ತಿರುಗಿಸಿದನು.

ಈ ಪದ್ಧತಿಗೆ ಆತ ತನ್ನ ಭಾಷೆಯಲ್ಲಿ ಒಂದು ಹೆಸರಿಟ್ಟಿದ್ದನು. ಆ ಹೆಸರಿನ ಮೊದಲ ಮಾತಿಗೆ ಬಾಡಿದ, ಒಣಗಿದ ಎಂದು ಅರ್ಥ. ಒಣಗಿದ ತಂತ್ರವಿದ್ಯೆಯನ್ನು ಅಡ್ಡಹಾಯುವ ಆಲೋಚನೆಯಿಂದ ಬಳಸಿಕೊಳ್ಳುವುದೆಂಬುದು ಅದರ ಒಟ್ಟು ಭಾವ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಿದವರು ಹಳಸಿದ್ದು, ಅಗ್ಗದ್ದು ಎಂಬ ಛಾಯೆ ಬರುವಂತೆ ವಿವರಿಸುವುದುಂಟು. ನನಗಾದರೋ ಸೊರಬ ಸಾಗರಗಳ ಗುಡಿಗಾರರ ನೆನಪಾಯಿತು. ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ ಹೂಗಳನ್ನು ಬಿಡಿಸುವ ಆ ಕುಶಲಿಗಳು ಹಸಿಮರಕ್ಕೆ ಉಳಿ ಹಚ್ಚುವುದಿಲ್ಲ. ಹಸಿಮರ ನೋಡಲು ಚೆಲುವು, ಉಳಿಗೂ ಮೆದು. ಆದರೆ ವರ್ಷ ಕಳೆಯುವುದರೊಳಗೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಒಣಗಿದ ಮರ ತನ್ನ ಹಟವನ್ನೆಲ್ಲ ಕಳೆದುಕೊಂಡಿರುತ್ತದೆ. ಅದರ ಗುಣದೋಷಗಳೆರಡೂ ಗೊತ್ತಾಗಿಹೋಗಿರುತ್ತವೆ. ಯೊಕೊಯಿ ಹೇಳುತ್ತಿದ್ದ ಒಣಗುವಿಕೆ ಇದೇ ಎಂದು ನನ್ನ ತಿಳಿವಳಿಕೆ.

ಒಣಗಿದ ಮರ ಅವನಿಗೆ ಹೇರಳವಾಗಿ ದೊರೆತದ್ದು ಕ್ಯಾಲ್ಕುಲೇಟರಿನ ರೂಪದಲ್ಲಿ. 1970ರ ದಶಕದಲ್ಲಿ ಜಪಾನಿನ ಕಂಪನಿಗಳು, ಅದರಲ್ಲಿಯೂ ಶಾರ್ಪ್ ಮತ್ತು ಕ್ಯಾಸಿಯೋ, ಕ್ಯಾಲ್ಕುಲೇಟರುಗಳ ಬೆಲೆಯನ್ನು ಪೈಪೋಟಿಯಿಂದ ಇಳಿಸಿದವು. ಪೈಪೋಟಿಯ ಫಲವಾಗಿ ಅದರೊಳಗಿನ ಎರಡು ವಸ್ತುಗಳು ಅಗ್ಗವಾದವು: ಒಂದು, ಲೆಕ್ಕ ಮಾಡುವ ಸಿಲಿಕಾನಿನ ಚಿಪ್ಪು, ಇನ್ನೊಂದು, ಅಂಕಿ ತೋರಿಸುವ ದ್ರವಸ್ಫಟಿಕದ ಪರದೆ. ಈ ದ್ರವಸ್ಫಟಿಕವೆಂಬುದು ದ್ರವದಂತೆ ಹರಿಯುವ, ಆದರೆ ಹರಳಿನಂತೆ ಕಣಗಳು ಸಾಲುಗಟ್ಟಿ ನಿಲ್ಲುವ ಒಂದು ವಿಚಿತ್ರ ಪದಾರ್ಥ. ಎರಡು ಗಾಜಿನ ಹಾಳೆಗಳ ನಡುವೆ ಅದನ್ನು ತೆಳುವಾಗಿ ಹರಡಿ, ಹೊರಗೆ ಬೆಳಕನ್ನು ಸೋಸುವ ಪೊರೆಗಳನ್ನು ಅಂಟಿಸಿದರೆ, ವಿದ್ಯುತ್ತು ತಾಕಿದ ಜಾಗ ಮಾತ್ರ ಕಪ್ಪಾಗಿ ಕಾಣುತ್ತದೆ. ಅದು ತಾನಾಗಿ ಬೆಳಗುವುದಿಲ್ಲ. ನೆರಳನ್ನು ಮೂಡಿಸುತ್ತದೆ, ಅಷ್ಟೆ. ಹೀಗಾಗಿ ಅದಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪ. ಬೆಳಕನ್ನು ಹೊರಗಿನ ಸೂರ್ಯನೇ ಒದಗಿಸುತ್ತಾನೆ.

ಒಂದು ದಿನ ಯೊಕೊಯಿ ವೇಗದ ರೈಲಿನಲ್ಲಿ ಪಯಣಿಸುತ್ತಿದ್ದಾಗ, ಬೇಸರಗೊಂಡ ಸಹಪ್ರಯಾಣಿಕನೊಬ್ಬನು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮಸುಮ್ಮನೆ ಒತ್ತುತ್ತ ಕುಳಿತಿದ್ದುದನ್ನು ಕಂಡನಂತೆ. ದೊಡ್ಡವರು ನಾಲ್ಕು ಜನರ ನಡುವೆ ಆಡಲು ಸಂಕೋಚಪಡುತ್ತಾರೆ. ಕೈಯೊಳಗೆ ಅಡಗುವಂಥ ಆಟವಿದ್ದರೆ? ಕೆಲಕಾಲದ ಮೇಲೆ ಅಧ್ಯಕ್ಷ ಯಮೌಚಿಯ ಕಾರಿನ ಚಾಲಕನು ಕಾಯಿಲೆ ಬಿದ್ದ ದಿನ, ಆ ದೊಡ್ಡ ಕಾರನ್ನು ನಡೆಸುವ ಕೆಲಸ ಯೊಕೊಯಿಯ ಪಾಲಿಗೆ ಬಂದಿತು. ದಾರಿಯಲ್ಲಿ ಮಾತಿಗೆಂದು ಈ ಯೋಚನೆಯನ್ನು ಹೇಳಿದನು. ಅಧ್ಯಕ್ಷನು ಹೂಗುಟ್ಟಿದನು, ಅಷ್ಟೇ. ಆದರೆ ಅಂದಿನ ಸಭೆಯಲ್ಲಿ ಶಾರ್ಪ್ ಕಂಪನಿಯ ಮುಖ್ಯಸ್ಥನು ಸಿಕ್ಕಿದಾಗ ಅದೇ ಮಾತನ್ನು ಎತ್ತಿದನು. ಕ್ಯಾಲ್ಕುಲೇಟರಿನ ಪರದೆಗಳಿಗೆ ಹೊಸ ಕೆಲಸ ಹುಡುಕುತ್ತಿದ್ದವರಿಗೂ, ಪರದೆ ಬೇಕಾಗಿದ್ದವರಿಗೂ ಹೀಗೆ ಕೂಡಿಬಂದಿತು.

1980ರ ಏಪ್ರಿಲ್ 28ರಂದು ಗೇಮ್ ಅಂಡ್ ವಾಚ್ ಎಂಬ ಸಾಲಿನ ಮೊದಲ ಆಟ ಹೊರಬಂದಿತು. ಚೆಂಡುಗಳನ್ನು ಮೇಲೆಸೆದು ಹಿಡಿಯುವ ಒಬ್ಬ ಮನುಷ್ಯ. ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ. ಅದರ ಪರದೆಯ ಮೇಲೆ ಚಿತ್ರ ಚಲಿಸುವುದಿಲ್ಲವೆಂಬುದನ್ನು ಗಮನಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಎಂಟರ ಅಂಕಿಯ ಗೆರೆಗಳು ಮೊದಲೇ ಇದ್ದು ಬೇಕಾದವು ಮಾತ್ರ ಕಾಣುವಂತೆ, ಇಲ್ಲಿ ಚೆಂಡು ಇರಬಹುದಾದ ಎಲ್ಲ ಸ್ಥಳಗಳಲ್ಲಿಯೂ ಚೆಂಡಿನ ಆಕಾರ ಮೊದಲೇ ಅಚ್ಚಾಗಿರುತ್ತದೆ. ಒಂದಾದ ಮೇಲೊಂದು ಕಪ್ಪಾಗಿ ಚೆಂಡು ಹಾರಿದ ಭ್ರಾಂತಿ ಹುಟ್ಟುತ್ತದೆ. ಗುಂಡಿಯಾಕಾರದ ಪುಟ್ಟ ಸೆಲ್ಲುಗಳೇ ಅದಕ್ಕೆ ಸಾಕು. ಆಡದಿದ್ದಾಗ ಅದು ಗಡಿಯಾರ. 1991ರವರೆಗೆ ಈ ಸಾಲಿನಲ್ಲಿ ಸುಮಾರು 60 ಆಟಗಳು ಬಂದವು; ಒಟ್ಟು 4 ಕೋಟಿ 34 ಲಕ್ಷ ಮಾರಾಟವಾದವೆಂದು ಲೆಕ್ಕ.

ಈ ಸಾಲಿನಲ್ಲಿಯೇ 1982ರ ಡಾಂಕಿ ಕಾಂಗ್ ಎಂಬ ಆಟಕ್ಕಾಗಿ ಯೊಕೊಯಿ ಒಂದು ಪುಟ್ಟ ಸಾಧನವನ್ನು ಕಲ್ಪಿಸಿದನು. ಅಂಗಡಿಗಳಲ್ಲಿ ನಿಲ್ಲಿಸುತ್ತಿದ್ದ ದೊಡ್ಡ ಆಟದ ಯಂತ್ರಗಳಲ್ಲಿ ನಾಲ್ಕು ದಿಕ್ಕಿಗೂ ವಾಲಿಸುವ ಹಿಡಿಕೋಲು ಇರುತ್ತಿತ್ತು. ಜೇಬಿನ ಪೆಟ್ಟಿಗೆಗೆ ಕೋಲು ಸಲ್ಲದು. ನಾಲ್ಕು ಬಿಡಿ ಗುಂಡಿಗಳನ್ನಿಟ್ಟರೆ, ಬೆರಳು ಎಲ್ಲಿದೆಯೆಂದು ಕಣ್ಣು ಹಾಯಿಸಿ ನೋಡಬೇಕಾಗುತ್ತದೆ. ಯೊಕೊಯಿ ಕೂಡಿಸುವ ಚಿಹ್ನೆಯಂಥ ಒಂದೇ ತುಂಡನ್ನು ಮಾಡಿ ಅದು ನಡುವಿನ ಆಸರೆಯ ಮೇಲೆ ತೂಗುವಂತೆ ಇಟ್ಟನು. ಹೆಬ್ಬೆರಳು ಯಾವ ಕಡೆಗೆ ವಾಲಿದರೆ ಆ ಕಡೆಯ ಸಂಪರ್ಕ ಕೂಡುತ್ತದೆ. ಬೆರಳು ಅದರ ಆಕಾರದಿಂದಲೇ ದಿಕ್ಕನ್ನರಿಯುತ್ತದೆ. ಕಣ್ಣು ಪರದೆಯ ಮೇಲೆಯೇ ಇರಬಹುದು. ಇಂದು ಜಗತ್ತಿನಲ್ಲಿ ಮಾಡುವ ಆಟದ ಹಿಡಿಕೆಗಳಲ್ಲಿ ಈ ಕೂಡಿಸುವ ಚಿಹ್ನೆಯ ಸಂತತಿ ಇಲ್ಲದ್ದು ವಿರಳ.

ಸಂಸ್ಥೆಯ ಮೊದಲ ಸಂಶೋಧನ ವಿಭಾಗದ ಮುಖ್ಯಸ್ಥನಾಗಿ ಯೊಕೊಯಿ ಕಿರಿಯರನ್ನೂ ಬೆಳೆಸಿದನು. ಮುಂದೆ ಲೋಕಪ್ರಸಿದ್ಧನಾದ ಶಿಗೆರು ಮಿಯಾಮೊಟೊ 1981ರಲ್ಲಿ ಡಾಂಕಿ ಕಾಂಗ್ ಆಟವನ್ನು ಮೊದಲಿಗೆ ರೂಪಿಸಿದಾಗ ಅವನ ಮೇಲ್ವಿಚಾರಕನಾಗಿದ್ದವನು ಯೊಕೊಯಿ. ಆದರೆ ಅವನ ಬಾಳಿನ ಮುಖ್ಯ ಕೃತಿ 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಹೊರಬಂದ ಗೇಮ್ ಬಾಯ್. ನನ್ನ ತಮ್ಮನ ಮಗ ನನ್ನ ಕೈಗಿತ್ತದ್ದು ಇದನ್ನೇ. ಅದರ ಒಳಗನ್ನು ಕೊಂಚ ವಿವರವಾಗಿ ನೋಡುವುದು ತಕ್ಕದ್ದು.

ಗೇಮ್ ಅಂಡ್ ವಾಚ್ ಪೆಟ್ಟಿಗೆಯಲ್ಲಿ ಒಂದೇ ಆಟ. ಬೇಸರ ಬಂದರೆ ಇನ್ನೊಂದು ಪೆಟ್ಟಿಗೆಯನ್ನೇ ಕೊಳ್ಳಬೇಕು. ಗೇಮ್ ಬಾಯಿನಲ್ಲಿ ಪೆಟ್ಟಿಗೆ ಒಂದೇ. ಬೆನ್ನಿನ ಸಂದಿಗೆ ಬೇರೆ ಬೇರೆ ಆಟಗಳ ಬಿಲ್ಲೆಗಳನ್ನು ಸಿಕ್ಕಿಸಬಹುದು. ಪರದೆಯ ಮೇಲೆ ಮೊದಲೇ ಅಚ್ಚಾದ ಆಕಾರಗಳಿಲ್ಲ. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ರಂಗೋಲಿಯ ಚುಕ್ಕಿಗಳಂತೆ ಅವುಗಳಲ್ಲಿ ಯಾವ ಚಿತ್ರವನ್ನಾದರೂ ಬಿಡಿಸಬಹುದು. ಬಣ್ಣ ಇಲ್ಲ, ಹಸಿರು ಛಾಯೆಯ ನೆಲದ ಮೇಲೆ ತಿಳಿಯಿಂದ ಗಾಢದವರೆಗೆ ನಾಲ್ಕು ಮೆಟ್ಟಿಲು ಮಾತ್ರ. ಶಾರ್ಪ್ ಕಂಪನಿ ಮಾಡಿಕೊಟ್ಟ ಎಂಟು ಬಿಟ್ಟಿನ ಚಿಪ್ಪು ಸೆಕೆಂಡಿಗೆ ಸುಮಾರು 42 ಲಕ್ಷ ಮಿಡಿತಗಳ ವೇಗದ್ದು. ಕೆಲಸಕ್ಕೆಂದು ಇದ್ದ ನೆನಪಿನ ಸ್ಥಳ 8 ಕಿಲೋಬೈಟು, ಚಿತ್ರಕ್ಕೆಂದು ಇನ್ನೊಂದು 8 ಕಿಲೋಬೈಟು. ನನ್ನನ್ನು ಮರುಳುಮಾಡಿದ ಇಟ್ಟಿಗೆಯ ಆಟದ ಬಿಲ್ಲೆಯಲ್ಲಿ ಇದ್ದುದೆಲ್ಲ 32 ಕಿಲೋಬೈಟು. ಇಂದು ನಮ್ಮ ಮೊಬೈಲಿನಲ್ಲಿ ತೆಗೆಯುವ ಒಂದೇ ಒಂದು ಭಾವಚಿತ್ರ ಇದರ ನೂರು ಪಾಲು ಜಾಗವನ್ನು ನುಂಗುವುದುಂಟು.

1989ರ ಮಟ್ಟಿಗೂ ಇದು ಬಡ ಯಂತ್ರವೇ. ಕಂಪನಿಯ ಒಳಗೇ ಕೆಲವರು ಇದನ್ನು ಕೆಲಸಕ್ಕೆ ಬಾರದ ಆಟವೆಂದು ಹಾಸ್ಯಮಾಡಿದರು. ಪರದೆಯ ಮಾದರಿಯನ್ನು ತೋರಿಸಿದಾಗ, ಓರೆಯಿಂದ ನೋಡಿದರೆ ಏನೂ ಕಾಣುವುದಿಲ್ಲವೆಂದು ಅಧ್ಯಕ್ಷನು ತಳ್ಳಿಹಾಕಿದ ಪ್ರಸಂಗವೂ ಉಂಟು. ಬೇರೆ ಜಾತಿಯ ದ್ರವಸ್ಫಟಿಕದ ಪರದೆಯನ್ನು ಹುಡುಕುವವರೆಗೆ ಯೊಕೊಯಿಗೆ ನೆಮ್ಮದಿಯಿರಲಿಲ್ಲ. ಎದುರಾಳಿಗಳೂ ಸುಮ್ಮನಿರಲಿಲ್ಲ. ಅದೇ ವರ್ಷ ಅಟಾರಿ ಕಂಪನಿಯ ಲಿಂಕ್ಸ್, ಮರುವರ್ಷ ಸೆಗಾ ಕಂಪನಿಯ ಗೇಮ್ ಗೇರ್ ಬಣ್ಣಬಣ್ಣದ ಪರದೆಯೊಂದಿಗೆ ಬಂದವು. ಬಣ್ಣ ಕಾಣಬೇಕಾದರೆ ಪರದೆಯ ಹಿಂದೆ ದೀಪ ಉರಿಯಬೇಕು. ಆಟಕ್ಕಿಂತ ದೀಪಕ್ಕೇ ಹೆಚ್ಚು ವಿದ್ಯುತ್ತು. ಅವುಗಳಿಗೆ ಆರಾರು ಸೆಲ್ಲು ಹಾಕಿದರೂ ನಾಲ್ಕೈದು ಗಂಟೆಯಲ್ಲಿ ಬರಿದಾಗುತ್ತಿದ್ದವು. ಯೊಕೊಯಿಯ ಪೆಟ್ಟಿಗೆ ನಾಲ್ಕೇ ಸೆಲ್ಲಿನಲ್ಲಿ ಹದಿನೈದು ಗಂಟೆಗೂ ಮಿಕ್ಕಿ ಆಡುತ್ತಿತ್ತು. ಬಣ್ಣ ಗೊತ್ತಿಲ್ಲದೆ ಆತ ಬಿಟ್ಟದ್ದಲ್ಲ. ಬೆಲೆಯನ್ನೂ ಸೆಲ್ಲನ್ನೂ ಎಣಿಸಿ, ಕೈಜಾರಿ ಬಿದ್ದರೂ ಒಡೆಯದ ಗಟ್ಟಿತನವನ್ನು ಬಯಸಿ, ತಿಳಿದು ಬಿಟ್ಟದ್ದು. ಆಟವೊಳ್ಳೆಯದಾದರೆ ಆಡುವವನ ಮನಸ್ಸೇ ಬಣ್ಣ ತುಂಬಿಕೊಳ್ಳುತ್ತದೆಂಬ ನಂಬಿಕೆ ಅವನದು. ಚನ್ನೆಮಣೆಯ ಕುಳಿಗಳಲ್ಲಿ ನನ್ನ ಅಜ್ಜಿ ಗೆದ್ದದ್ದು ಹುಣಸೆಬೀಜವನ್ನೇ ಆದರೂ ಅವಳ ಮುಖದಲ್ಲಿ ಕಂಡದ್ದು ರಾಜ್ಯ ಗೆದ್ದ ಕಳೆ. ಈ ನಂಬಿಕೆಯನ್ನು ಅಲ್ಲಗಳೆಯಲು ನನಗೆ ಬಾಯಿಲ್ಲ.

ಆ ಯಂತ್ರದ ಭಾಗ್ಯಕ್ಕೆ ಒಳ್ಳೆಯ ಆಟವೂ ಸಿಕ್ಕಿತು. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ರಚಿಸಿದ ಟೆಟ್ರಿಸ್ ಎಂಬ ಇಟ್ಟಿಗೆಯ ಆಟವದು. ಅಮೆರಿಕದಲ್ಲಿ ಗೇಮ್ ಬಾಯಿನ ಜೊತೆಗೇ ಅದನ್ನು ಕೊಟ್ಟರು. ಎರಡು ಪೆಟ್ಟಿಗೆಗಳನ್ನು ಒಂದು ತಂತಿಯಿಂದ ಜೋಡಿಸಿ ಇಬ್ಬರು ಎದುರುಬದುರಾಗಿ ಆಡಬಹುದಾಗಿತ್ತು; 1996ರಲ್ಲಿ ಬಂದ ಪೋಕೆಮಾನ್ ಆಟವು ಇದೇ ತಂತಿಯ ಮೂಲಕ ಪ್ರಾಣಿಗಳನ್ನು ವಿನಿಮಯ ಮಾಡಿಕೊಳ್ಳುವ ಉಪಾಯದಿಂದ ಮಕ್ಕಳ ಲೋಕವನ್ನೇ ಗೆದ್ದಿತು. ಕೊಲ್ಲಿ ಯುದ್ಧದಲ್ಲಿ ಬಾಂಬಿನ ದಾಳಿಗೆ ಸಿಕ್ಕಿ ಮೈಸುಟ್ಟು ಕರಗಿದ ಒಂದು ಗೇಮ್ ಬಾಯ್ ಆಮೇಲೂ ಆಡುತ್ತಿತ್ತು. ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ಅದನ್ನು ಎಷ್ಟೋ ವರ್ಷ ಪ್ರದರ್ಶನಕ್ಕಿಟ್ಟಿದ್ದರು. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ ಈ ಪೆಟ್ಟಿಗೆಗಳು ಮಾರಾಟವಾದದ್ದು 11 ಕೋಟಿ 86 ಲಕ್ಷಕ್ಕೂ ಹೆಚ್ಚು. ಬಣ್ಣದ ಎದುರಾಳಿಗಳು ಒಂದೊಂದಾಗಿ ಹಿಂದೆ ಸರಿದವು.

ಇಷ್ಟಾದ ಮೇಲೆ ಅವನ ಬಾಳಿನ ಇಳಿಹೊತ್ತು. 1995ರ ಜುಲೈಯಲ್ಲಿ ಹೊರಬಂದ ವರ್ಚುವಲ್ ಬಾಯ್ ಅವನ ಸೋಲು. ಅಮೆರಿಕದ ಒಂದು ಕಂಪನಿ ತೋರಿಸಿದ ತಂತ್ರದಿಂದ, ಕೆಂಪು ಬೆಳಕಿನ ಚುಕ್ಕಿಗಳ ಒಂದು ಸಾಲನ್ನು ವೇಗವಾಗಿ ತೂಗಾಡುವ ಕನ್ನಡಿಯ ಮೂಲಕ ಎರಡೂ ಕಣ್ಣುಗಳಿಗೆ ಬೇರೆ ಬೇರೆಯಾಗಿ ಹಾಯಿಸಿ, ಚಿತ್ರಕ್ಕೆ ಆಳ ಬಂದಂತೆ ಮಾಡುವ ಯಂತ್ರವದು. ಬೊಂಬಿನ ಮೇಲೆ ನಿಲ್ಲಿಸಿದ ಕನ್ನಡಕದೊಳಗೆ ಮುಖವಿಟ್ಟು ನೋಡಬೇಕು. ಕಗ್ಗತ್ತಲಲ್ಲಿ ಕೆಂಪು ಗೆರೆಗಳು. ಕೊರಳು ನೋವು, ಕಣ್ಣು ನೋವು, ತಲೆ ನೋವು. ಹೊತ್ತುಕೊಂಡು ಹೋಗಿ ಆಡುವಂತೆಯೂ ಇಲ್ಲ, ನಾಲ್ವರು ಕೂಡಿ ನೋಡುವಂತೆಯೂ ಇಲ್ಲ. ಕಂಪನಿಯ ಗಮನವೆಲ್ಲ ಬರಲಿದ್ದ ಇನ್ನೊಂದು ದೊಡ್ಡ ಯಂತ್ರದ ಮೇಲಿದ್ದುದರಿಂದ, ಇದು ಮಾಗುವ ಮುನ್ನವೇ ಅಂಗಡಿಗೆ ಬಂದಿತೆಂದು ಬಲ್ಲವರು ಹೇಳುತ್ತಾರೆ. ಸುಮಾರು 7 ಲಕ್ಷ 70 ಸಾವಿರ ಮಾರಾಟವಾಗುವಷ್ಟರಲ್ಲಿ, ವರ್ಷ ತುಂಬುವ ಹೊತ್ತಿಗೆ, ಅದನ್ನು ಕೈಬಿಟ್ಟರು. ಕೆಂಪು ದೀಪ ಅಗ್ಗದ್ದೂ ಹಳೆಯದೂ ಆಗಿತ್ತು, ನಿಜ; ಆದರೆ ತೂಗುವ ಕನ್ನಡಿಯ ಆ ನೋಟ ಇನ್ನೂ ಹಸಿಮರ. ಜೀವಮಾನವೆಲ್ಲ ಒಣಗಿದ ಮರವನ್ನೇ ಆರಿಸಿದ ಶಿಲ್ಪಿ ಒಮ್ಮೆ ಹಸಿಮರಕ್ಕೆ ಉಳಿ ಹಚ್ಚಿದನು, ಅದು ಬಿರಿಯಿತು.

1996ರ ಆಗಸ್ಟಿನಲ್ಲಿ, ಮೂವತ್ತೊಂದು ವರ್ಷಗಳ ಸೇವೆಯ ಅನಂತರ, ಯೊಕೊಯಿ ನಿಂಟೆಂಡೊವನ್ನು ಬಿಟ್ಟನು. ಸೋಲಿನ ಅವಮಾನದಿಂದ ಬಿಟ್ಟನೆಂದು ಹೊರಗಿನವರು ಆಡಿಕೊಂಡರು. ತನ್ನದೇ ಒಂದು ಸಣ್ಣ ಕಾರ್ಯಾಗಾರವನ್ನು ತೆರೆಯುವುದು ಬಹುದಿನದ ಸಂಕಲ್ಪವೆಂದು ಆತನ ವಿವರಣೆ. ಒಂದನ್ನು ಮಾತ್ರ ಹೇಳಬಹುದು: ಆತ ಸೋಲನ್ನು ಬೆನ್ನಿಗೆ ಹಾಕಿಕೊಂಡು ಓಡಿಹೋಗಲಿಲ್ಲ. ಹೊರಡುವ ಮೊದಲು ಗೇಮ್ ಬಾಯಿನ ಇನ್ನೂ ತೆಳುವಾದ, ಇನ್ನೂ ಸ್ಪಷ್ಟವಾದ ಪರದೆಯ, ಎರಡೇ ಸಣ್ಣ ಸೆಲ್ಲುಗಳ ಜೇಬಿನ ರೂಪವೊಂದನ್ನು ಮುಗಿಸಿಕೊಟ್ಟನು. ಅದೇ ಸೆಪ್ಟೆಂಬರಿನಲ್ಲಿ ಕ್ಯೋಟೋದಲ್ಲಿ ಕೊಟೊ ಎಂಬ ಸಣ್ಣ ಸಂಸ್ಥೆಯನ್ನು ಆರಂಭಿಸಿದನು. ಬಂಡಾಯ್ ಎಂಬ ಆಟಿಕೆಯ ಕಂಪನಿಗಾಗಿ ಮತ್ತೊಂದು ಅಂಗೈ ಯಂತ್ರದ ಕೆಲಸ ಅಲ್ಲಿ ಮೊದಲಾಯಿತು. ಮತ್ತೆ ಬಣ್ಣವಿಲ್ಲದ ಪರದೆ, ಮತ್ತೆ ಇಳಿದ ಬೆಲೆ. ಈ ಸಲವಂತೂ ಒಂದೇ ಒಂದು ಸೆಲ್ಲು. ಆತ ತನ್ನ ಒಣಗಿದ ಮರಕ್ಕೆ ಮರಳಿದ್ದನು.

ಅದು ಮುಗಿದದ್ದನ್ನು ಕಾಣಲು ಅವನಿಗೆ ಆಯುಸ್ಸಿರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತದ ಹೊಕುರಿಕು ಹೆದ್ದಾರಿಯಲ್ಲಿ ಆತನಿದ್ದ ಕಾರು ಮುಂದಿನ ವಾಹನಕ್ಕೆ ತಗುಲಿತು. ಏನಾಯಿತೆಂದು ನೋಡಲು ಕೆಳಗಿಳಿದವನಿಗೆ ಹಿಂದಿನಿಂದ ಬಂದ ಇನ್ನೊಂದು ಕಾರು ಬಡಿಯಿತು. ಅವನಿಗೆ ಆಗ ಐವತ್ತಾರು ವರ್ಷ. ವಂಡರ್‌ಸ್ವಾನ್ ಎಂಬ ಆ ಯಂತ್ರ 1999ರ ಮಾರ್ಚಿಯಲ್ಲಿ 4,800 ಯೆನ್ನಿನ ಬೆಲೆಗೆ ಬಂದಿತು. ಅದಕ್ಕಾಗಿ ಮಾಡಿದ ಒಂದು ಆಟಕ್ಕೆ ಅವನ ಹೆಸರನ್ನೇ ಇಟ್ಟರು.

ನಮ್ಮ ನಾಡಿನಲ್ಲಿಯೂ ಅಂಗೈ ಯಂತ್ರದ ಕನಸನ್ನು ಕಂಡವರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಯಂತ್ರಜ್ಞರೂ ಕೂಡಿ, ಹಳ್ಳಿಯವರಿಗೂ ಎಟುಕಬೇಕೆಂಬ ಆಶಯದಿಂದ ಸಿಂಪ್ಯೂಟರ್ ಎಂಬ ಕೈಗಣಕವನ್ನು 2001ರಲ್ಲಿ ಲೋಕಕ್ಕೆ ತೋರಿಸಿದರು. 2004ರಲ್ಲಿ ಅದು ಮಾರುಕಟ್ಟೆಗೂ ಬಂದಿತು. ಅಲ್ಲಿಯೂ ಆಶಯ ಉದಾತ್ತವಾದದ್ದು, ವಿದ್ಯೆ ಹಿರಿದು. ಆದರೆ ನಿರೀಕ್ಷಿಸಿದಷ್ಟು ಕೈಗಳನ್ನು ಅದು ಸೇರಲಿಲ್ಲ. ಜಾತ್ರೆಯ ಅಂಗಡಿಯವರೆಗೆ ಬಂದು ಮುಟ್ಟುವ ದಾರಿ ಎಷ್ಟು ಕಠಿಣವೆಂಬುದನ್ನು ಇದು ತೋರಿಸುತ್ತದೆ. ಯೊಕೊಯಿಯ ಹೆಸರಿಲ್ಲದೆಯೇ, ಅವನಿಗೆ ಒಂದು ಕಾಸೂ ಸಲ್ಲದೆಯೇ, ಅವನ ಉಪಾಯ ಮಾತ್ರ ಆ ದಾರಿಯನ್ನು ಕ್ರಮಿಸಿ ಶಿಕಾರಿಪುರಕ್ಕೆ ಬಂದಿತ್ತು. ನಾನು ಕಸಿದುಕೊಂಡ ಪೆಟ್ಟಿಗೆಯ ಪರದೆ ಗೇಮ್ ಅಂಡ್ ವಾಚಿನ ಜಾತಿಯದು. ಅದರೊಳಗಿನ ಆಟ ಮಾಸ್ಕೋದ ಗಣಿತಜ್ಞನದು. ಗಣಿತದ ಮೇಷ್ಟರು ಅದನ್ನು ಬೀರುವಿನಲ್ಲಿಟ್ಟು, ಹಲಗೆಯ ಮೇಲೆ ಆಕೃತಿಗಳ ಪರಿಭ್ರಮಣವನ್ನು ಬರೆದು ಮಕ್ಕಳಿಗೆ ತಿಳಿಯಲಿಲ್ಲವೆಂದು ಬೇಸರಪಟ್ಟರು!

ಕಳೆದ ಸಲ ಶಿರಾಳಕೊಪ್ಪದ ಒಂದು ಮದುವೆಮನೆಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗನಲ್ಲ, ನಡುವಯಸ್ಸಿನ ಗೃಹಸ್ಥ, ಪಂಪುಸೆಟ್ಟಿನ ಮೋಟಾರು ಕಟ್ಟುವ ಅಂಗಡಿಯಿದೆ. ಕಾಲಿಗೆರಗಿದ. ನಾನೇ ಆ ಹಳೆಯ ಮಾತನ್ನೆತ್ತಿ, ತಪ್ಪು ನನ್ನದೆಂದೆ. ಅದೆಲ್ಲ ಯಾವ ಕಾಲದ ಮಾತು, ಮೇಷ್ಟ್ರು ಇನ್ನೂ ನೆನಪಿಟ್ಟಿದ್ದೀರಲ್ಲ ಎನ್ನುವಂತೆ ನಕ್ಕುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ, ಊಟದ ಪಂಕ್ತಿಯಲ್ಲಿ, ಆ ಪೆಟ್ಟಿಗೆಗೆ ಎಷ್ಟು ರೂಪಾಯಿ ಕೊಟ್ಟಿದ್ದರೆಂಬುದನ್ನೂ, ಅಪ್ಪ ಆ ಹಣಕ್ಕಾಗಿ ಎಷ್ಟು ದಿನ ಹೆಚ್ಚು ದುಡಿದಿದ್ದರೆಂಬುದನ್ನೂ ತಾನಾಗಿಯೇ ಹೇಳಿದ. ಅವನು ಮರೆತಿರಲಿಲ್ಲ.

ಕಾರ್ಖಾನೆಯ ಬಿಡುವಿನಲ್ಲಿ ಆಟಿಕೆ ಮಾಡುತ್ತಿದ್ದ ಒಬ್ಬನನ್ನು ಅವನ ಯಜಮಾನನು ಗದರದೆ ನಿಂತು ನೋಡಿದ್ದರಿಂದ ಜಗತ್ತಿನ ಎಷ್ಟೋ ಮಕ್ಕಳಿಗೆ ಆಟ ದೊರೆಯಿತು. ಹಾಗೆ ನಿಂತು ನೋಡುವುದು ಉಪಾಧ್ಯಾಯನ ಕೆಲಸವೂ ಹೌದು. ನನ್ನ ವೃತ್ತಿಬಾಂಧವರು ಮಕ್ಕಳ ಕೈಯಿಂದ ಏನನ್ನಾದರೂ ಕಸಿಯುವ ಪ್ರಸಂಗ ಬಂದರೆ, ಕಸಿಯಲಿ, ಬೇಡವೆನ್ನುವುದಿಲ್ಲ. ಬೀರುವಿನಲ್ಲಿಡುವ ಮೊದಲು ಒಂದು ಸಲ ತಾವೂ ಆಡಿ ನೋಡಲಿ; ಮತ್ತು ಸೆಲ್ಲುಗಳನ್ನು ತೆಗೆದಿಡಲಿ.